ಎಳೆದದ್ದೊಂದು, ಬಂದದ್ದೊಂದು

ಲೋ ಮಿಡತೆ,

"ಪ್ರೀತಿಯ ತಮ್ಮನಿಗೆ" ಎಂದು ಶುರು ಮಾಡಲು ಕುಳಿತೆ, ಕೈ ಬರಲಿಲ್ಲ. ಪ್ರೀತಿ ಎಲ್ಲಿಗೂ ಹೋಗಿಲ್ಲ, ಒಳಗೇ ಇದೆ. ಅದರ ಮೇಲೆ ಸಿಟ್ಟು ಕಾಲು ಚಾಚಿಕೊಂಡು ಮಲಗಿದೆ, ಅಷ್ಟೆ. ಅದು ಎದ್ದ ಮೇಲೆ ಪ್ರೀತಿಯ ವಿಚಾರ ನೋಡೋಣ.

ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ಹುಬ್ಬು ಹಾರಿಸಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮೇಲ್ ಕಳಿಸಿದರೆ ಓದುವುದಿಲ್ಲ. ಮೆಸೇಜು ಹಾಕಿದರೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. "ವೆಬ್‌ಸೈಟು ಕೆಟ್ಟಿದೆ, ಫೋನ್ ಮಾಡು" ಎಂದು ಹಾಕಿದೆ, ಹೆಬ್ಬೆರಳು. "ಜನ ಅಂಗಡಿ ಬಾಗಿಲಿಗೆ ಬಂದು ಬೈತಿದಾರೆ" ಎಂದು ಹಾಕಿದೆ, ಮತ್ತೊಂದು ಹೆಬ್ಬೆರಳು. ಕೊನೆಗೆ ತಲೆಕೆಟ್ಟು "ಬದುಕಿದೀಯೇನೋ?" ಎಂದು ಕೇಳಿದರೆ ಅದಕ್ಕೂ ಹೆಬ್ಬೆರಳೇ! ಈ ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ. ಓದಲೇಬೇಕು. ಓದದಿದ್ದರೆ ನಿನ್ನ ಹೆಂಡತಿಯಾದರೂ ಓದುತ್ತಾಳೆ, ಓದಿ ನಿನಗೆ ಚೆನ್ನಾಗಿ ಮಂಗಳಾರತಿ ಮಾಡುತ್ತಾಳೆ.

ನಿನಗೆ ಮರೆವು ಜಾಸ್ತಿ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ಮನೆಯ ಕೆಳಗಿನ ನನ್ನ ಅಂಗಡಿಯಲ್ಲಿ ಇಷ್ಟು ವರ್ಷ ಜನರ ಫೋಟೊಗಳನ್ನು ಪಿಂಗಾಣಿ ಮಗ್ಗಿನ ಮೇಲೆ, ದಿಂಬಿನ ಮೇಲೆ, ಕೀಚೈನಿನ ಮೇಲೆ ಒತ್ತಿಕೊಟ್ಟು ನೆಮ್ಮದಿಯಾಗಿದ್ದೆ. ಗಿರಾಕಿಗಳು ಬರುತ್ತಿದ್ದರು, ಫೋಟೊ ತೋರಿಸುತ್ತಿದ್ದರು, ಅದರ ಮೇಲೆ ಬೆರಳಿನಿಂದ ಗೆರೆ ಎಳೆದು "ಇಲ್ಲಿಂದ ಇಲ್ಲಿಗೆ ಸಾಕು" ಅನ್ನುತ್ತಿದ್ದರು. ನಾನು ಅಷ್ಟನ್ನು ಕತ್ತರಿಸಿ ತೋರಿಸುತ್ತಿದ್ದೆ. ಒಬ್ಬಾಕೆ ಇಡೀ ಕುಟುಂಬದ ಫೋಟೊ ತಂದು, "ನಾದಿನಿ ಬೇಡ, ಆದ್ರೆ ಅವಳ ಕೈಯಲ್ಲಿರೋ ಮಗು ಬೇಕು" ಅಂದಿದ್ದಳು. ಅದನ್ನೂ ಮಾಡಿಕೊಟ್ಟಿದ್ದೆ. ಮಗು ಗಾಳಿಯಲ್ಲಿ ತೇಲುತ್ತಿತ್ತು, ಆಕೆಗೆ ಸಂತೋಷವಾಗಿತ್ತು.

ಆಗ ನೀನು ರಜೆ ಹಾಕಿ ಬಂದು ತಿಂಗಳುಗಟ್ಟಲೆ ಮನೆಯಲ್ಲಿದ್ದೆ. ಬಂದವನು ಸುಮ್ಮನೆ ತಿಂದುಂಡು ಇರಬಾರದಿತ್ತೇ? "ಅಕ್ಕಾ, ಯಾವ ಕಾಲದಲ್ಲಿದೀಯ ನೀನು? ಜನ ಇಲ್ಲೀವರೆಗೂ ಯಾಕೆ ಬರಬೇಕು? ಮನೇಲೇ ಕೂತು ಫೋಟೊ ಹಾಕಲಿ, ಬೇಕಾದ ಭಾಗಾನ ತಾವೇ ಎಳ್ಕೊಳ್ಳಲಿ, ನೀನು ಒತ್ತಿ ಕಳಿಸು" ಅಂದೆ. ಅಂಗಡಿಯ ಮೂಲೆಯ ಮೇಜಿನ ಮುಂದೆ ಕುಳಿತು, ನನ್ನ ಕಾಫಿಪುಡಿಯನ್ನೆಲ್ಲ ಖಾಲಿ ಮಾಡಿ, ವೆಬ್‌ಸೈಟು ಕಟ್ಟಿದೆ. ಸುಳ್ಳು ಯಾಕೆ ಹೇಳಲಿ, ಮೊದಲ ಸಲ ತೋರಿಸಿದಾಗ ನಾನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದ್ದೆ. ಫೋಟೊದ ಮೇಲೆ ಒಂದು ಚೌಕ, ಅದರ ನಾಲ್ಕು ಮೂಲೆಗಳಲ್ಲಿ ಬಿಳಿ ಚುಕ್ಕೆ. ಚುಕ್ಕೆ ಹಿಡಿದು ಎಳೆದರೆ ಚೌಕ ದೊಡ್ಡದಾಗುತ್ತದೆ, ನಡುವೆ ಹಿಡಿದರೆ ಇಡೀ ಚೌಕವೇ ಜರುಗುತ್ತದೆ, ಚೌಕದ ಹೊರಗಿನದೆಲ್ಲ ಕಪ್ಪಾಗುತ್ತದೆ. ಪಕ್ಕದ ಮನೆಯ ಬೆಕ್ಕಿನ ಫೋಟೊ ಹಾಕಿ ಅದರ ಮೂತಿಯೊಂದನ್ನೇ ಕತ್ತರಿಸಿ ತೋರಿಸಿದೆ. ಮೀಸೆ ಒಂದೂ ತುಂಡಾಗಿರಲಿಲ್ಲ.

ನಾನು ದಡ್ಡಿ, ಆದರೂ ಒಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ? "ಕತ್ತರಿಸಿದ ಮೇಲೆ ಹೇಗೆ ಬಂತು ಅಂತ ಅವರಿಗೆ ಒಂದ್ಸಲ ತೋರಿಸಬೇಡ್ವೇನೋ?" ಅಂದಿದ್ದೆ. ನೀನು ಕುರ್ಚಿಯಲ್ಲಿ ಹಿಂದಕ್ಕೊರಗಿ, ಅದೇ ನಿನ್ನ ಹಾಳು ಠೀವಿಯಲ್ಲಿ, "ಅವರೇ ಎಳೆದಿದ್ದು ಅವರ ಕಣ್ಣಿಗೇ ಕಾಣ್ಸುತ್ತಲ್ಲಕ್ಕಾ, ಮತ್ತೆ ತೋರಿಸೋದೇನು? ಜನ ಅಷ್ಟು ದಡ್ಡರಲ್ಲ" ಅಂದೆ. ಜನ ದಡ್ಡರಲ್ಲ, ನಿಜ. ಜನರ ಲೆಕ್ಕದಲ್ಲಿ ನಿನ್ನನ್ನು ಸೇರಿಸಿಕೊಳ್ಳಬಾರದಿತ್ತು.

ನೀನು ಹೊರಟುಹೋದ ದಿನದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಸೀಲಿಂಗಿನ ವಿಚಾರ.

ಸೈಟು ಶುರುವಾದ ಮೇಲೆ ಮೊದಲು ಬಂದ ದೂರು ಹಲ್ಲಿನ ಡಾಕ್ಟರದು. ಅವರೂ ಅವರ ಹೆಂಡತಿಯೂ ಸೋಫಾದ ಮೇಲೆ ಕುಳಿತು ನಗುತ್ತಿರುವ ಫೋಟೊ, ದಿಂಬಿನ ಮೇಲೆ ಬೇಕೆಂದು ಕೇಳಿದ್ದರು. ದಿಂಬು ತಲುಪಿದಾಗ ಅದರ ಮೇಲಿದ್ದದ್ದು ಕರ್ಟನ್ ಕಂಬಿಯ ತುದಿ. ಬರೀ ಕಂಬಿ! ಡಾಕ್ಟರು ಫೋನು ಮಾಡಿದರು. ಪಾಪ, ಬೈಯಲಿಲ್ಲ. "ನಾನೇ ಸರಿಯಾಗಿ ಎಳೆದಿಲ್ಲ ಅನ್ಸುತ್ತೆ. ಇತ್ತೀಚೆಗೆ ಕೈ ಸ್ವಲ್ಪ ನಡುಗುತ್ತೆ" ಅಂದರು. ನಾನು, ಮಹಾ ಬುದ್ಧಿವಂತೆ, "ಹೌದು ಸಾರ್, ನಿಧಾನವಾಗಿ ಎಳೀಬೇಕು" ಎಂದು ಬುದ್ಧಿ ಹೇಳಿದೆ. ಬಾಯೊಳಗೆ ಕೈ ಹಾಕಿ ಹಲ್ಲು ಕೀಳುವ ಮನುಷ್ಯನಿಗೆ, ನಿನ್ನ ಕೈ ನಡುಗುತ್ತದೆ ಎಂದು ನಾನು ಒಪ್ಪಿಗೆ ಕೊಟ್ಟುಬಿಟ್ಟೆ ಕಣೋ. ಆಮೇಲೆ ಎಷ್ಟೋ ದಿನ ಆ ಮನುಷ್ಯ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು ಎಂದು ಅವರ ನರ್ಸು ಹೇಳಿದಳು.

ಆಮೇಲೆ ರಿಟೈರ್ಡ್ ಹೆಡ್‌ಮೇಡಂ. ಅವರ ತಂಗಿಯ ಮುಖವಿರುವ ಮಗ್ ಬೇಕಿತ್ತು. ಮೊದಲ ಸಲ ಟ್ಯೂಬ್‌ಲೈಟು ಬಂತು. ಎರಡನೇ ಸಲ ಗಡಿಯಾರದ ಅರ್ಧ. ಮೂರನೇ ಸಲ ಮತ್ತೆ ಟ್ಯೂಬ್‌ಲೈಟು, ಈ ಸಲ ಸ್ವಲ್ಪ ಹತ್ತಿರದಿಂದ. ಅವರೂ "ನನಗೆ ಈ ಎಳೆಯೋ ಕೆಲಸ ಬರಲ್ಲಮ್ಮ" ಎಂದು ತಾವೇ ಸಂಕೋಚಪಟ್ಟುಕೊಂಡರು. ನನಗೆ ಮೈಯೆಲ್ಲ ಉರಿಯುವುದು ಇಲ್ಲೇ. ಮಾಡಿಟ್ಟವನು ನೀನು, ನಾಚಿಕೊಳ್ಳುವವರು ಅವರು. ತಪ್ಪು ಯಂತ್ರದ್ದಾದರೂ ಜನ ಮೊದಲು ತಮ್ಮ ಕೈಯನ್ನೇ ಅನುಮಾನಿಸುತ್ತಾರೆ.

ಹೊಸದಾಗಿ ಮದುವೆಯಾದ ಹುಡುಗಿ ಮಾತ್ರ ಹಾಗಲ್ಲ. ನೇರ ಅಂಗಡಿಗೆ ಬಂದು ಮಗ್ಗನ್ನು ಟೇಬಲ್ ಮೇಲೆ ಟಕ್ ಎಂದು ಇಟ್ಟು, "ಇದರಲ್ಲಿ ನನ್ನ ಗಂಡ ಎಲ್ಲಿದಾರೆ ತೋರಿಸಿ" ಅಂದಳು. ಮಗ್ಗಿನ ತುಂಬ ಆಕಾಶ. ಒಂದು ಅಂಚಿನಲ್ಲಿ ಪಾರಿವಾಳದ ಬಾಲ. ನಾನು ಏನು ತೋರಿಸಲಿ?

ಮಗ್ ಒತ್ತುವ ನಮ್ಮ ಬಿಸಿಮಾಸ್ಟರನ್ನು ಕರೆದು ಕೇಳಿದೆ. ಆ ಹೆಸರು ನೀನೇ ಇಟ್ಟದ್ದು, ಬೆಳಗಿನಿಂದ ಸಂಜೆಯವರೆಗೆ ಆ ಬಿಸಿ ಯಂತ್ರದ ಮುಂದೆ ನಿಂತಿರುತ್ತಾರೆ ಎಂದು. "ಮಾಸ್ಟರೇ, ಬರೀ ಸೀಲಿಂಗು, ಫ್ಯಾನು, ಲೈಟು ಬರ್ತಿದೆ, ಒತ್ತೋವಾಗ ನಿಮಗೆ ಏನೂ ಅನ್ನಿಸಲಿಲ್ವಾ?" ಅಂದೆ. ಅವರು ಬೆವರು ಒರೆಸಿಕೊಂಡು ಶಾಂತವಾಗಿ, "ಈಗಿನವರಿಗೆ ಇದೇ ಇಷ್ಟ ಇರಬಹುದು ಅಂದ್ಕೊಂಡೆ ಅಮ್ಮಾವ್ರೇ. ಹೊಸ ಫ್ಯಾಷನ್ನು" ಅಂದರು. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ.

ಕೊನೆಗೆ ಪ್ರಿಂಟರು ರಿಪೇರಿ ಮಾಡಲು ಬರುವ ಹುಡುಗಿಗೆ ಸೈಟು ತೋರಿಸಿದೆ. ಅವಳು ಕಾಫಿ ಕುಡಿಯುತ್ತಾ ನಿನ್ನ ಕೋಡು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನಗಲು ಶುರು ಮಾಡಿದಳು, ಕಾಫಿ ನೆತ್ತಿಗೇರಿತು. ನಾನು ಬೆನ್ನು ತಟ್ಟಬೇಕಾಯಿತು. ಆಮೇಲೆ ಬಿಡಿಸಿ ಹೇಳಿದಳು. ದೊಡ್ಡ ಫೋಟೊ ಪರದೆಯಲ್ಲಿ ಹಿಡಿಸುವುದಿಲ್ಲ, ಹಾಗಾಗಿ ನಿನ್ನ ಸೈಟು ಅದನ್ನು ಕುಗ್ಗಿಸಿ ತೋರಿಸುತ್ತದೆ. ಗಿರಾಕಿ ಚೌಕ ಎಳೆಯುವುದು ಆ ಕುಗ್ಗಿದ ಚಿತ್ರದ ಮೇಲೆ. ಆದರೆ ನಿನ್ನ ಕತ್ತರಿ ಬೀಳುವುದು ಒಳಗಿರುವ ಅಸಲಿ ದೊಡ್ಡ ಚಿತ್ರದ ಮೇಲೆ, ಅದೇ ಸಣ್ಣ ಅಳತೆಯಲ್ಲಿ. ಗೊಂಬೆಯ ಮೈ ಅಳೆದು ಆಳಿಗೆ ಅಂಗಿ ಹೊಲಿದ ಹಾಗೆ. ಅಳತೆಯೆಲ್ಲ ಮೇಲಿನ ಎಡ ಮೂಲೆಯಿಂದ ಶುರುವಾಗುವುದರಿಂದ, ಪಾಪದವರು ಫೋಟೊದ ನಡುವೆ ಎಳೆಯಲಿ, ಕೊನೆಯಲ್ಲಿ ಎಳೆಯಲಿ, ಬರುವುದು ಮೇಲಿನ ಎಡ ಮೂಲೆಯ ಆಸುಪಾಸೇ. ಮನೆಯೊಳಗಿನ ಫೋಟೊದಲ್ಲಿ ಅಲ್ಲಿ ಏನಿರುತ್ತದೆ? ಸೀಲಿಂಗು!

"ಹಾಗಾದ್ರೆ ಬೆಕ್ಕು ಹೇಗೆ ಸರಿಯಾಗಿ ಬಂತು?" ಎಂದು ಕೇಳಿದೆ. ಬೆಕ್ಕಿನ ಫೋಟೊ ಫೋನಿನಿಂದ ಫೋನಿಗೆ ಹಾರಿ ಹಾರಿ ಮೊದಲೇ ಸಣ್ಣದಾಗಿತ್ತಂತೆ. ಅದನ್ನು ಕುಗ್ಗಿಸುವ ಅಗತ್ಯ ಬರಲಿಲ್ಲ, ಅಳತೆ ತಪ್ಪಲಿಲ್ಲ. ಅಂದರೆ ನೀನು ಆ ಬೆಕ್ಕೊಂದನ್ನು ಬಿಟ್ಟು ಈ ಭೂಮಿಯ ಮೇಲಿನ ಬೇರೆ ಯಾವ ಪ್ರಾಣಿಯ ಫೋಟೊವನ್ನೂ ಹಾಕಿ ನೋಡಿರಲಿಲ್ಲ. ಸರಿ ಮಾಡಲು ಒಂದೇ ಒಂದು ಸಾಲು ಸಾಕು, ಒಂದು ಗುಣಾಕಾರ ಅಷ್ಟೆ ಅಂದಳು. ಆ ದಿನ ಅವಳಿಗೆ ಬೇರೆ ಕಡೆ ಕೆಲಸವಿತ್ತು, ಸೋಮವಾರ ಬಂದು ಮಾಡಿಕೊಡುತ್ತೇನೆ ಎಂದು ಹೋದಳು. ನಾನು ನೆಮ್ಮದಿಯ ಉಸಿರು ಬಿಟ್ಟೆ.

ಈಗ ನೀನು ಹೊರಟ ದಿನಕ್ಕೆ ಬರುತ್ತೇನೆ. ಮುಖ ತಿರುಗಿಸಬೇಡ, ಓದು.

ಅಮ್ಮ ಹೋಗಿ ವರ್ಷವಾಗುತ್ತಾ ಬಂದಿತ್ತು. ಗೋಡೆಗೆ ಒಂದು ಫೋಟೊ ಹಾಕೋಣ ಎಂದು ನೀನೇ ಆಲ್ಬಮ್ಮುಗಳನ್ನೆಲ್ಲ ಕೆಳಗಿಳಿಸಿದೆ. ನೆಲದ ಮೇಲೆ ಹರಡಿಕೊಂಡು ಇಬ್ಬರೂ ಹುಡುಕಿದೆವು. ಅಮ್ಮ ಎಲ್ಲಿ? ಒಂದರಲ್ಲಿ ಮೊಣಕೈ. ಒಂದರಲ್ಲಿ ಜಡೆಯ ತುದಿ. ಒಂದರಲ್ಲಿ ತಟ್ಟೆ ಹಿಡಿದ ಕೈ, ಇನ್ನೊಂದರಲ್ಲಿ ಆಚೆ ಹೋಗುತ್ತಿರುವ ಚಪ್ಪಲಿ ಕಾಲು. ಅಪ್ಪ ಕ್ಯಾಮೆರಾ ಕಣ್ಣಿಗಿಟ್ಟುಕೊಂಡರೆ ಸಾಕು, "ಅಯ್ಯೋ, ಒಲೆ ಮೇಲೆ ಹಾಲಿದೆ, ಉಕ್ಕುತ್ತೆ!" ಎಂದು ಓಡುತ್ತಿದ್ದಳಲ್ಲ ಮಾರಾಯ್ತಿ. ಮನೆಯಲ್ಲಾದರೆ ಸರಿ. ಪಾರ್ಕಿನಲ್ಲೂ ಅದೇ ಮಾತು. ಚಿಕ್ಕಪ್ಪನ ಮಗಳ ಮದುವೆಯ ಛತ್ರದಲ್ಲಿ ಎಲ್ಲರೂ ಸಾಲಾಗಿ ನಿಂತಾಗಲೂ "ಹಾಲು ಉಕ್ಕುತ್ತೆ" ಎಂದು ಸಾಲು ಬಿಟ್ಟು ಹೋದಳು. ಯಾವ ಒಲೆ, ಯಾವ ಹಾಲು, ದೇವರಿಗೇ ಗೊತ್ತು. ಮೇಲಿನ ಹಲ್ಲೊಂದು ಇನ್ನೊಂದರ ಮೇಲೆ ಹತ್ತಿಕೊಂಡಿದೆ ಎಂದು ಅವಳಿಗೆ ನಾಚಿಕೆ. ನಗುವಾಗ ಬಾಯಿಗೆ ಕೈ ಅಡ್ಡ ಬರಲೇಬೇಕು. ಕೊನೆಗೆ ಉಳಿದದ್ದು ಗುರುತಿನ ಚೀಟಿಯ ಫೋಟೊ ಒಂದೇ, ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದಾಳೆ.

ಪ್ರತಿ ಫೋಟೊವನ್ನೂ ನಮ್ಮ ದೊಡ್ಡ ಯಂತ್ರದಲ್ಲಿ ಆದಷ್ಟು ದೊಡ್ಡದಾಗಿ ಸ್ಕ್ಯಾನ್ ಮಾಡಿ ನೋಡೋಣ ಎಂದು ನೀನು ಅಂದೆ, ಮಾಡಿದೆ. ಆದರೆ ಅವನ್ನು ತೆರೆದು ನೋಡುವ ತಾಳ್ಮೆ ನಿನಗೆ ಎಲ್ಲಿಂದ ಬರಬೇಕು? ಮಿಡತೆ ತಾನೇ? ನೆಗೆದು ನೇರ ಅಪ್ಪನ ಮುಂದೆ ಹೋಗಿ ನಿಂತೆ. "ಇಷ್ಟು ವರ್ಷ ಕ್ಯಾಮೆರಾ ನಿಮ್ಮ ಕೈಯಲ್ಲೇ ಇತ್ತಲ್ಲ. ಒಂದೇ ಒಂದ್ಸಲ ಅವಳನ್ನ ಹಿಡಿದು ನಿಲ್ಲಿಸೋಕೆ ಆಗಲಿಲ್ವಾ ನಿಮಗೆ?" ಅಂದೆ. ಅಪ್ಪ ಎದ್ದು ನಿಂತರು. ಆಮೇಲೆ, "ನನ್ನ ಹೆಂಡತಿ ವಿಚಾರ ನನಗೆ ಹೇಳ್ಕೊಡಬೇಡ. ಹೊರಡು. ಇನ್ಮೇಲೆ ಈ ಮೆಟ್ಟಿಲು ಹತ್ತಬೇಡ" ಅಂದರು. ನೀನು ಹೊರಟೇಬಿಟ್ಟೆ. ನಾನು ಮೆಟ್ಟಿಲಿನ ನಡುವೆ ನಿಂತು ಮೇಲೊಂದು ಸಲ, ಕೆಳಗೊಂದು ಸಲ ಕೂಗಿದೆ. ಕಿವಿ ಇದ್ದವರು ಯಾರೂ ಇರಲಿಲ್ಲ. ಇಬ್ಬರೂ ಒಂದೇ ಅಚ್ಚಿನವರು, ಮಧ್ಯೆ ಅರೆದುಹೋಗುವವಳು ನಾನು.

ಅಂದಿನಿಂದ ಅಪ್ಪನ ಬಾಯಲ್ಲಿ ನಿನ್ನ ಹೆಸರಿಲ್ಲ. ಹೇಳಲೇಬೇಕಾಗಿ ಬಂದರೆ "ಆ ವೆಬ್‌ಸೈಟಿನವನು" ಅನ್ನುತ್ತಾರೆ. "ಆ ವೆಬ್‌ಸೈಟಿನವನ ಟವೆಲ್ಲು ಇಲ್ಲೇ ಇದೆ, ತೆಗೆದಿಡು." "ಆ ವೆಬ್‌ಸೈಟಿನವನು ಊಟಕ್ಕೆ ಏನು ಮಾಡ್ಕೋತಾನಂತೆ?" ಕೇಳುವುದು ಮಾತ್ರ ದಿನವೂ.

ಇನ್ನೊಂದು ಹೊಸ ಗೀಳು ಹತ್ತಿತು. ಮೇಲಿನ ಕೋಣೆಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತರೆ ಏಳುತ್ತಿರಲಿಲ್ಲ. ನೀನು ಸ್ಕ್ಯಾನ್ ಮಾಡಿದ್ದೆಲ್ಲ ಅದರಲ್ಲೇ ಇರುವುದು. "ಏನು ಮಾಡ್ತಿದೀರಪ್ಪಾ?" ಎಂದರೆ "ನ್ಯೂಸ್ ನೋಡ್ತಿದೀನಿ" ಅನ್ನುತ್ತಿದ್ದರು. ಜೀವನಪೂರ್ತಿ ಬಸ್ಸಿನ ಸ್ಟಿಯರಿಂಗ್ ತಿರುಗಿಸಿದ ಕೈ, ಮೌಸನ್ನೂ ಹಾಗೇ ತಿರುಗಿಸುತ್ತದೆ. ಮೌಸ್ ಮೇಜಿನಿಂದ ಕೆಳಗೆ ಬೀಳುವ ಸದ್ದು ನನಗೆ ಅಂಗಡಿಯವರೆಗೂ ಕೇಳುತ್ತಿತ್ತು. ಒಂದು ದಿನ "ಏ, ಇದು ಅಂಟ್ಕೊಂಡುಬಿಟ್ಟಿದೆ ಕಣೇ, ಬಿಡ್ತಾನೇ ಇಲ್ಲ!" ಎಂದು ಕೂಗಿದರು. ಓಡಿಹೋಗುವಷ್ಟರಲ್ಲಿ ಪರದೆಯನ್ನೇ ಆರಿಸಿ ಕುಳಿತಿದ್ದರು. ನ್ಯೂಸ್ ಯಾವಾಗ ಅಂಟಿಕೊಳ್ಳುತ್ತದೆ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ರಿಪೇರಿ ಹುಡುಗಿ ಬರಬೇಕಿದ್ದ ಸೋಮವಾರ, ಅವಳಿಗಿಂತ ಮೊದಲು ಬಿಸಿಮಾಸ್ಟರು ಬಂದರು. ಕೈಯಲ್ಲಿ ಆಗಷ್ಟೇ ಒತ್ತಿದ ಮಗ್. "ಅಮ್ಮಾವ್ರೇ, ಈ ಸಲ ಸೀಲಿಂಗ್ ಅಲ್ಲ. ಮನುಷ್ಯರು ಬಂದಿದಾರೆ" ಎಂದು ಏನೋ ಸಾಧಿಸಿದವರ ಹಾಗೆ ನಕ್ಕರು. ಆಮೇಲೆ ತಾವೇ ಇನ್ನೊಮ್ಮೆ ತಿರುಗಿಸಿ ನೋಡಿ, ನಗು ನಿಲ್ಲಿಸಿ, "ಇವರು... ನಮ್ಮ ದೊಡ್ಡಮ್ಮಾವ್ರು ಅಲ್ವಾ?" ಅಂದರು.

ಅಮ್ಮನೇ ಕಣೋ.

ಅಡುಗೆಮನೆಯ ಬಾಗಿಲಿನಿಂದ ಅರ್ಧ ಮೈ ಆಚೆ ಹಾಕಿ ಇಣುಕುತ್ತಿದ್ದಾಳೆ. ಒಂದು ಕೈ ಬಾಗಿಲಿನ ಚೌಕಟ್ಟಿನ ಮೇಲೆ, ಇನ್ನೊಂದರಲ್ಲಿ ಸೌಟು. ಎರಡೂ ಕೈಗೆ ಕೆಲಸವಿದೆ, ಬಾಯಿಗೆ ಅಡ್ಡ ಹಿಡಿಯಲು ಮೂರನೇ ಕೈ ಇಲ್ಲ. ನಗುತ್ತಿದ್ದಾಳೆ. ಆ ಹಲ್ಲಿನ ಮೇಲೆ ಹತ್ತಿದ ಹಲ್ಲೂ ಕಾಣುತ್ತದೆ. ಮುಖ ಸ್ವಲ್ಪ ಮಸುಕು, ಆದರೆ ಅವಳೇ. ಮಗ್ ಇನ್ನೂ ಬೆಚ್ಚಗಿತ್ತು. ನಾನು ಖಾಲಿ ಮಗ್ಗುಗಳ ಪೆಟ್ಟಿಗೆಯ ಮೇಲೆ ಕುಸಿದು ಕುಳಿತು ಅತ್ತೆ. ಬಿಸಿಮಾಸ್ಟರು ಏನು ಮಾಡಬೇಕೆಂದು ತೋಚದೆ ಫ್ಯಾನು ಹಾಕಿದರು.

ಆರ್ಡರು ಬಂದದ್ದು ಪಕ್ಕದ ಅಂಗಡಿಯ ದರ್ಜಿಯ ಹೆಸರಿನಲ್ಲಿ. ಅವನಿಗೆ ನಮ್ಮ ಅಮ್ಮನ ಫೋಟೊ ಯಾಕೆ? ಕಣ್ಣು ಒರೆಸಿಕೊಂಡು ಹೋಗಿ ಕೇಳಿದೆ. ಅವನು ಸೂಜಿಗೆ ದಾರ ಪೋಣಿಸುತ್ತಲೇ, "ನಾನ್ಯಾವ ಮಗ್ಗೂ ಕೇಳಿಲ್ಲಮ್ಮ. ನಿಮ್ಮಪ್ಪ ಬಂದು, ನಿನ್ನ ಹೆಸರು ಹಾಕ್ಕೋತೀನಿ, ನನ್ನ ಮಗಳಿಗೆ ಹೇಳಬೇಡ ಅಂದ್ರು. ಹಾಕ್ಕೊಳ್ಳಿ ಅಂದೆ. ಈಗ ಹೇಳಿಬಿಟ್ಟೆ ನೋಡು" ಅಂದ.

ಮೆಟ್ಟಿಲು ಹತ್ತಿ ಹೋಗಿ ಮಗ್ಗನ್ನು ಅಪ್ಪನ ಮುಂದಿಟ್ಟೆ. ಅವರು ಮೊದಲು ಮಾಡಿದ್ದೇನು ಗೊತ್ತೇ? ಎಲ್ಲ ಗಿರಾಕಿಗಳ ಹಾಗೆ ದೂರು! "ಇದಲ್ಲ ನಾನು ಎಳೆದಿದ್ದು" ಅಂದರು, ಕನ್ನಡಕ ಹಾಕಿಕೊಳ್ಳುವ ಮೊದಲೇ. ಆಮೇಲೆ ಕನ್ನಡಕ ಹಾಕಿಕೊಂಡರು. ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಂದರು. ಅಮ್ಮನ ಮುಖದ ಮೇಲೆ ಬೆರಳಾಡಿಸಿದರು. ಕೊನೆಗೆ ಮೆತ್ತಗೆ, "ನಾನು ಎಳೆದಿದ್ದು ಅವನನ್ನ ಕಣೇ. ಬಂದಿದ್ದು ಇವಳು" ಅಂದರು.

ಅವನು ಅಂದರೆ ನೀನು. ಆ ಫೋಟೊ ನಿನಗೆ ನೆನಪಿರಬೇಕು. ಊಟದ ಮೇಜಿನ ಮೇಲೆ ಹತ್ತಿ ನಿಂತಿದ್ದೀಯ, ಮುಂದಿನ ಎರಡು ಹಲ್ಲು ಬಿದ್ದಿವೆ, ಬೊಚ್ಚು ಬಾಯಲ್ಲಿ ನಗುತ್ತಿದ್ದೀಯ. ಪಕ್ಕದಲ್ಲಿ ನಾನು, ನೀನೆಲ್ಲಿ ಹಾರುತ್ತೀಯೋ ಎಂದು ನಿನ್ನ ಕಾಲು ಹಿಡಿದುಕೊಂಡಿದ್ದೇನೆ. ಆಗಲೂ ನನಗೆ ಅದೇ ಕೆಲಸ. ಅದರಲ್ಲಿ ನಿನ್ನ ಮುಖವೊಂದನ್ನೇ ಚೌಕದಲ್ಲಿ ಹಿಡಿದು ಒಂದು ಮಗ್ ಮಾಡಿಸಿಕೊಳ್ಳಬೇಕೆಂದು ಅಪ್ಪ ಅಷ್ಟು ದಿನ ಮೌಸಿನ ಜೊತೆ ಗುದ್ದಾಡುತ್ತಿದ್ದದ್ದು. ನನಗೆ ಗೊತ್ತಾಗಬಾರದು, ನಿನಗಂತೂ ಗೊತ್ತಾಗಲೇಬಾರದು. ಮೆಟ್ಟಿಲು ಹತ್ತಬೇಡ ಎಂದ ಬಾಯಿಂದಲೇ ಮಗನ ಮುಖದ ಮಗ್ಗಿನಲ್ಲಿ ಕಾಫಿ ಕುಡಿಯುವ ಆಸೆ!

ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತು ಆ ಫೋಟೊವನ್ನು ದೊಡ್ಡದು ಮಾಡಿದೆವು. ಮೇಲಿನ ಎಡ ಮೂಲೆ. ಆಲ್ಬಮ್ಮಿನಲ್ಲಿ ಅದು ಬರೀ ಕತ್ತಲು, ಅವಳ ಮುಖ ಸಾಸಿವೆ ಕಾಳಿನಷ್ಟಿದೆ. ಅದೆಷ್ಟು ಸಲ ನೋಡಿದ್ದೇವೆ, ಯಾರಿಗೂ ಕಂಡಿರಲಿಲ್ಲ. ಅಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಸುಳ್ಳುಬುರುಕಿ. ಹಾಲು ಉಕ್ಕುತ್ತೆ ಅಂತ ಹೋದವಳು ಇಲ್ಲಿ ನಿಂತಿದಾಳೆ ನೋಡು" ಎಂದು ಬೈದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನನ್ನನ್ನೇ ನೋಡ್ತಿದಾಳೆ" ಅಂದರು. ಹೌದು. ಫೋಟೊ ತೆಗೆಯುತ್ತಿದ್ದದ್ದು ಅಪ್ಪ ತಾನೇ? ಅವಳು ನಮ್ಮನ್ನು ನೋಡುತ್ತಿಲ್ಲ. ಕ್ಯಾಮೆರಾ ಹಿಂದಿದ್ದವರನ್ನು ನೋಡಿ ನಗುತ್ತಿದ್ದಾಳೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು. ಹಿಡಿದು ನಿಲ್ಲಿಸದಿದ್ದರೂ ಅವಳು ನಿಂತಿದ್ದಳು, ಅವರಿಗೂ ಗೊತ್ತಿರಲಿಲ್ಲ ಅಷ್ಟೆ.

ಇಷ್ಟಾದ ಮೇಲೆ ಎಲ್ಲ ಸುಖವಾಯಿತು ಎಂದುಕೊಂಡೆಯಾ? ಇಲ್ಲಿಂದ ನನ್ನ ಅಸಲಿ ಪಾಡು ಶುರು. ಮಧ್ಯಾಹ್ನ ರಿಪೇರಿ ಹುಡುಗಿ ಬಂದಳು. ಅವಳು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅಪ್ಪ ಮೇಲಿನಿಂದ ದಡದಡ ಇಳಿದು ಬಂದು, "ಇದನ್ನ ಯಾರೂ ಮುಟ್ಟೋ ಹಾಗಿಲ್ಲ" ಅಂದರು. ಒಂದೇ ಸಾಲಪ್ಪಾ ಅಂದೆ. "ಒಂದು ಸಾಲೋ, ಅರ್ಧ ಸಾಲೋ, ಮಾಡಿದವನೇ ಬಂದು ಸರಿಮಾಡಲಿ." ಫೋನಿನಲ್ಲಿ ಕೇಳೋಣ ಎಂದೆ. "ಫೋನಲ್ಲಿ ಆಗೋ ಕೆಲಸ ಅಲ್ಲ ಇದು. ಎದುರಿಗೆ ಕೂತು ಮಾಡಬೇಕು" ಅಂದರು, ಹುಟ್ಟಿದಾರಭ್ಯ ಕೋಡು ಬರೆದವರ ಹಾಗೆ. ಆ ಹುಡುಗಿ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಕಾಫಿ ಕುಡಿದು ಎದ್ದು ಹೋದಳು.

ಮೆಟ್ಟಿಲು ಹತ್ತಬೇಡ ಎಂದವರು ನೀವೇ ಅಲ್ಲವೇ, ಈಗ ಅವನು ಬರುವುದು ಹೇಗೆ ಎಂದು ಕೇಳಿದೆ. ಅಪ್ಪ ಒಂದು ಕ್ಷಣವೂ ತಡವರಿಸಲಿಲ್ಲ. "ಮೆಟ್ಟಿಲು ಹತ್ತಬೇಡ ಅಂದಿದ್ದೆ. ಅಂಗಡಿ ಕೆಳಗಡೆ ತಾನೇ ಇರೋದು?" ಅಂದರು. ಎಷ್ಟು ದಿನದಿಂದ ಯೋಚಿಸಿಟ್ಟುಕೊಂಡಿದ್ದರೋ ಏನೋ. ಈಗ ಬೆಳಗಾದರೆ ತಮ್ಮ ಕುರ್ಚಿಯನ್ನು ಕೆಳಗೆ ತಂದು ರಸ್ತೆಗೆ ಮುಖ ಮಾಡಿ ಅಂಗಡಿಯಲ್ಲಿ ಕೂರುತ್ತಾರೆ. ಬಸ್ಸು ನಿಂತ ಸದ್ದಾದರೆ ಕತ್ತು ಉದ್ದವಾಗುತ್ತದೆ. ಇಳಿದವರು ಬೇರೆ ಯಾರೋ ಆದರೆ ಡ್ರೈವರಿಗೆ ಬ್ರೇಕ್ ಹಾಕಲು ಬರುವುದಿಲ್ಲ ಎಂದು ಬೈಯುತ್ತಾರೆ.

ಉಳಿದ ಹೊತ್ತಿನಲ್ಲಿ ಆಲ್ಬಮ್ಮಿನ ಒಂದೊಂದೇ ಫೋಟೊ ಹಾಕಿ ಎಳೆಯುತ್ತಾರೆ. ಇನ್ನೂ ಎಲ್ಲಾದರೂ ಅವಳು ನಿಂತಿರಬಹುದು, ಆ ಚೌಕಕ್ಕೆ ಗೊತ್ತಿರುತ್ತದೆ ಎಂದು ನಂಬಿಕೊಂಡಿದ್ದಾರೆ. ಬೇಕಿದ್ದರೆ ಫೋಟೊ ದೊಡ್ಡದು ಮಾಡಿ ಕಣ್ಣಲ್ಲೇ ನೋಡಬಹುದು ಎಂದರೆ ಕೇಳುವುದಿಲ್ಲ, ಹಾಗೆ ಹುಡುಕಿದರೆ ಅವಳು ಸಿಗುವವಳಲ್ಲ, ಓಡುತ್ತಾಳೆ ಅನ್ನುತ್ತಾರೆ. ಬಿಸಿಮಾಸ್ಟರು ಖುಷಿಯಿಂದ ಒತ್ತಿಕೊಡುತ್ತಾರೆ. ನನ್ನ ಶೆಲ್ಫಿನ ತುಂಬ ಈಗ ನಮ್ಮ ಮನೆಯ ಸೀಲಿಂಗು, ಫ್ಯಾನಿನ ರೆಕ್ಕೆ, ಕಿಟಕಿಯ ಅರ್ಧ, ಒಂದು ಹಲ್ಲಿ. ಸೈಟಿನ ಮೇಲೆ "ದುರಸ್ತಿಯಲ್ಲಿದೆ" ಎಂದು ಬೋರ್ಡು ಹಾಕಿದ್ದೇನೆ. ಗಿರಾಕಿಗಳು ಮೊದಲಿನ ಹಾಗೆ ಅಂಗಡಿಗೇ ಬಂದು ಬೆರಳಲ್ಲಿ ಗೆರೆ ಎಳೆದು "ಇಲ್ಲಿಂದ ಇಲ್ಲಿಗೆ" ಅನ್ನುತ್ತಿದ್ದಾರೆ. ಹಲ್ಲಿನ ಡಾಕ್ಟರಿಗೆ ನಿಮ್ಮ ಕೈ ಗಟ್ಟಿಯಾಗಿದೆ ಸಾರ್, ತಪ್ಪು ನಮ್ಮ ಹುಡುಗನದು ಎಂದು ನಾನೇ ಹೋಗಿ ಹೇಳಿಬಂದೆ. ಅವರು ಅಲ್ಲೇ ಎರಡು ಕೈ ಚಾಚಿ ನೋಡಿಕೊಂಡು ಮಗುವಿನ ಹಾಗೆ ನಕ್ಕರು.

ಅಮ್ಮನ ಮಗ್ಗಿನಲ್ಲಿ ಅಪ್ಪ ಏನನ್ನೂ ಕುಡಿಯುವುದಿಲ್ಲ. ಒಲೆಯ ಪಕ್ಕದ ಕಟ್ಟೆಯ ಮೇಲೆ, ಮುಖ ಪಾತ್ರೆಯ ಕಡೆಗೆ ಬರುವ ಹಾಗೆ ಇಟ್ಟಿದ್ದಾರೆ. ಅಲ್ಲಿ ಯಾಕೆ, ಎಣ್ಣೆ ಸಿಡಿಯುತ್ತದೆ ಎಂದರೆ "ಹಾಲು ನೋಡ್ಕೊಳ್ಳಲಿ ಬಿಡು" ಅಂದರು.

ಇನ್ನು ಈ ಅಂಗಡಿಯ ಒಡತಿಯಾಗಿ ಒಂದು ಮಾತು. ಒಬ್ಬ ಗಿರಾಕಿ ಒಂದು ಮುಖ ಕೇಳಿದ್ದಾರೆ. ಆ ಮುಖ ಇನ್ನೂ ತಲುಪಿಲ್ಲ, ಆರ್ಡರು ಹಾಗೇ ಬಾಕಿ ಇದೆ. ಗಿರಾಕಿ ದಿನವೂ ಬಂದು ಬಾಗಿಲಲ್ಲಿ ಕೂರುತ್ತಿದ್ದಾರೆ. ಮಗ್ಗಿನಲ್ಲಿ ಒತ್ತಿಕೊಟ್ಟರೆ ಇನ್ನು ಅವರು ಒಪ್ಪುವ ಹಾಗೆ ಕಾಣುವುದಿಲ್ಲ. ನೀನೇ ತಂದು ತೋರಿಸಬೇಕು. ಒಂದು ಸಾಲು ಬರೆಯುವ ನೆಪ ಸಾಕು, ಮಿಕ್ಕದ್ದು ಯಾರೂ ಕೇಳುವುದಿಲ್ಲ, ನೀನೂ ಹೇಳಬೇಡ. ನನ್ನ ಮಾತು ಕೇಳು, ಬಂದ ದಿನವೇ ಸರಿ ಮಾಡಿ ಮುಗಿಸಿಬಿಡಬೇಡ, ನಾಲ್ಕು ದಿನ ತಲೆ ಕೆರೆದುಕೊಂಡು ಕುಳಿತುಕೋ. ಮೆಟ್ಟಿಲಿನ ವಿಚಾರ ಅವರೇ ಊಟದ ಹೊತ್ತಿಗೆ ಮರೆಯುತ್ತಾರೆ.

ಇದರ ಜೊತೆ ಆ ಫೋಟೊದ ಪ್ರಿಂಟು ಇಟ್ಟಿದ್ದೇನೆ, ಪೂರ್ತಿಯಾಗಿ, ಏನನ್ನೂ ಕತ್ತರಿಸದೆ. ಮೇಲಿನ ಎಡ ಮೂಲೆ ನೋಡು. ನೋಡಿದ ಮೇಲೂ ನೀನು ನನಗೆ ಹೆಬ್ಬೆರಳು ಕಳಿಸಿದರೆ, ನಾನೇ ಅಲ್ಲಿಗೆ ಬಂದು ಆ ಬೆರಳನ್ನು ಬಿಸಿಮಾಸ್ಟರ ಯಂತ್ರದಲ್ಲಿಡುತ್ತೇನೆ, ತಿಳಿದುಕೋ.

ಇನ್ನೂ ಬರೆಯಬೇಕೆಂದಿದ್ದೆ. ನೀನಿಲ್ಲದೆ ಈ ಮನೆ ಹೇಗಿದೆ, ಮೂಲೆಯ ಆ ಮೇಜಿನ ಮೇಲೆ ನಾನು ಇನ್ನೂ ಏನನ್ನೂ ಇಟ್ಟಿಲ್ಲ ಯಾಕೆ, ಅದು ಇದು. ಬೇಡ ಬಿಡು. ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ, ಉಕ್ಕುತ್ತೆ. ಹೋಗುತ್ತೇನೆ.

ನಿನ್ನ ಕೈ ಸೋಲದಿರಲಿ, ಕಣ್ಣು ಚುರುಕಾಗಿರಲಿ, ಹೊತ್ತು ಹೊತ್ತಿಗೆ ಉಣ್ಣು. ಹೊರಡುವ ಬಸ್ಸು ಬೇಗ ಸಿಗಲಿ.

ಇನ್ನೂ ನಿನ್ನ ಕಾಲು ಹಿಡಿದುಕೊಂಡೇ ನಿಂತಿರುವ,
ಅಕ್ಕ